ಯಂತ್ರಕ್ಕೆ ತಿದ್ದುಪಡಿ, ಬರಹಕ್ಕೆ ಯಾರು ದಿಕ್ಕು?



ಹಳೆಯ ಕನ್ನಡ ಪುಸ್ತಕಗಳನ್ನು ಓದಿದವರಿಗೆ ಮೊದಲಲ್ಲೋ ಕೊನೆಯಲ್ಲೋ ಅಂಟಿಸಿದ ಒಂದು ಚೀಟಿಯ ಪರಿಚಯ ಇದ್ದೇ ಇರುತ್ತದೆ. ಅದರ ತಲೆಯ ಮೇಲೆ ‘ತಪ್ಪು–ಒಪ್ಪು’ ಎಂದಿರುತ್ತದೆ. ಇಷ್ಟನೆಯ ಪುಟ, ಇಷ್ಟನೆಯ ಸಾಲು, ಅಲ್ಲಿ ಅಚ್ಚಾಗಿರುವುದು ಇದು, ಓದಿಕೊಳ್ಳಬೇಕಾದದ್ದು ಇದು ಎಂಬ ಪಟ್ಟಿ ಅದು. ಪುಸ್ತಕ ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ತಪ್ಪುಗಳಿಗೆ ಇಷ್ಟೇ ಪರಿಹಾರ. ಮುಂದೆ ಪುಸ್ತಕ ಮರುಮುದ್ರಣಗೊಂಡರೆ ಚೀಟಿಯ ತಿದ್ದುಪಡಿಗಳೆಲ್ಲ ಪುಟದೊಳಗೇ ಸೇರಿಹೋಗುತ್ತವೆ. ಜೊತೆಗೆ ಲೇಖಕರು ಒಂದೆರಡು ಅಧ್ಯಾಯಗಳನ್ನು ಹೊಸದಾಗಿ ಬರೆದು ಸೇರಿಸಿದರೆ ಅದು ‘ಪರಿಷ್ಕೃತ ಮುದ್ರಣ’ ಎನಿಸಿಕೊಳ್ಳುತ್ತದೆ.

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಆಗಾಗ ಇಣುಕುವ ‘ಅಪ್‌ಡೇಟ್’ ಎಂಬ ಸೂಚನೆಯೂ ಇಂಥದೇ ಒಂದು ಚೀಟಿ. ‘ಸರ್ವಿಸ್ ಪ್ಯಾಕ್’ ಎಂಬುದು ಅಂಥ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿದ ಕಟ್ಟು. ಇದು ಎಂಜಿನಿಯರುಗಳ ತಲೆನೋವು, ಸಾಮಾನ್ಯರಿಗೆ ಇದರ ಗೊಡವೆ ಏಕೆ ಎಂದು ಕೇಳುವವರುಂಟು. ಆದರೆ ಕನ್ನಡದಲ್ಲಿ ಬರೆಯುವವರಿಗೆ, ಓದುವವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಆಸಕ್ತಿ ಇರಬೇಕಾದ ಕಾರಣವಿದೆ. ಕನ್ನಡದ ಅಕ್ಷರ ಕಂಪ್ಯೂಟರಿನೊಳಗೆ ಕಾಲಿಟ್ಟದ್ದೇ ಇಂಥ ಪರಿಷ್ಕರಣೆಗಳ ಬೆನ್ನೇರಿ. ಅದೇ ಪರಿಷ್ಕರಣೆಗಳ ಓಟದಲ್ಲಿ ಒಂದು ತಲೆಮಾರಿನ ಕನ್ನಡ ಬರಹ ಹಿಂದೆಯೇ ಉಳಿದುಬಿಟ್ಟಿದೆ.

ತೇಪೆ ಮತ್ತು ಕಟ್ಟು

ಮೊದಲು ವಿಷಯದ ಬುಡಕ್ಕೆ ಹೋಗೋಣ. ಕಂಪ್ಯೂಟರಿನ ಯಂತ್ರಭಾಗಕ್ಕೂ ಅದರಲ್ಲಿ ನಡೆಯುವ ಕೆಲಸಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಭಾರತದ ಮನೆ–ಕಚೇರಿಗಳ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಇಂಥ ವ್ಯವಸ್ಥೆಯೊಂದರಲ್ಲಿ ಕೋಟಿಗಟ್ಟಲೆ ಸಾಲುಗಳ ಆದೇಶಗಳಿರುತ್ತವೆ. ಅಷ್ಟು ದೊಡ್ಡ ಬರವಣಿಗೆಯಲ್ಲಿ ತಪ್ಪು ಉಳಿಯದಿರುವುದು ಅಸಾಧ್ಯ. ತಪ್ಪು ಪತ್ತೆಯಾದಾಗ ಅದನ್ನಷ್ಟೇ ಸರಿಪಡಿಸುವ ಸಣ್ಣ ತುಣುಕನ್ನು ‘ಪ್ಯಾಚ್’ ಎನ್ನುತ್ತಾರೆ. ಕನ್ನಡದಲ್ಲಿ ತೇಪೆ ಎಂದರೆ ಸಾಕು.

ತೇಪೆಗಳು ಹೆಚ್ಚಿದಂತೆ ಇನ್ನೊಂದು ತೊಡಕು ಹುಟ್ಟುತ್ತದೆ. ಹತ್ತು ತೇಪೆಗಳಿವೆ ಎಂದುಕೊಳ್ಳಿ. ಒಬ್ಬರು ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಟ್ಟಿರಬಹುದು, ಇನ್ನೊಬ್ಬರು ಮೂರನೆಯದನ್ನು ಮಾತ್ರ ಹಾಕಿರಬಹುದು. ಲೆಕ್ಕ ಹಾಕಿದರೆ ಹತ್ತೇ ತೇಪೆಗಳಿಂದ 1,024 ಬಗೆಯ ಕಂಪ್ಯೂಟರುಗಳು ಹುಟ್ಟುತ್ತವೆ. ಇಪ್ಪತ್ತಾದರೆ ಈ ಸಂಖ್ಯೆ ಹತ್ತು ಲಕ್ಷವನ್ನು ದಾಟುತ್ತದೆ. ಇವುಗಳಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುವುದು ಯಾವ ಕಂಪನಿಗೂ ಸಾಧ್ಯವಿಲ್ಲ. ಆದ್ದರಿಂದ ಅಲ್ಲಿಯವರೆಗಿನ ತೇಪೆಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಸೇರಿಸಿ, ಒಟ್ಟಿಗೆ ಪರೀಕ್ಷಿಸಿ ಕೊಡುವ ಪದ್ಧತಿ ಬಂತು. ಇದೇ ಸರ್ವಿಸ್ ಪ್ಯಾಕ್. 1996ರಲ್ಲಿ ಬಂದ ವಿಂಡೋಸ್ ಎನ್.ಟಿ. 4.0ಕ್ಕೆ ಇಂಥ ಆರು ಕಟ್ಟುಗಳು ಬಂದವು. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 2002, 2004 ಮತ್ತು 2008ರಲ್ಲಿ ಒಂದೊಂದರಂತೆ ಮೂರು ಬಂದವು. ಕಟ್ಟಿನ ತಿದ್ದುಪಡಿಗಳನ್ನು ಮೂಲ ಸಿ.ಡಿ.ಯೊಳಗೇ ಬೆರೆಸಿ ಹೊಸ ಸಿ.ಡಿ. ಮಾಡುವ ಕ್ರಮವೂ ಇತ್ತು. ಪರಿಷ್ಕೃತ ಮುದ್ರಣಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗಲಾರದು.

ಕಟ್ಟಿನಲ್ಲಿ ಅನುಕೂಲವಿರುವಂತೆ ಇಕ್ಕಟ್ಟೂ ಇದೆ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವ ಸ್ವಾತಂತ್ರ್ಯ ಅಲ್ಲಿಲ್ಲ. 2004ರ ಸರ್ವಿಸ್ ಪ್ಯಾಕ್ 2 ಹಾಕಿದ ಕೂಡಲೇ ಕಂಪ್ಯೂಟರಿನ ರಕ್ಷಣಾ ಗೋಡೆ ತಾನೇ ತಾನಾಗಿ ಚಾಲೂ ಆಗುತ್ತಿತ್ತು. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಕೆಲವು ತಂತ್ರಾಂಶಗಳು ಇದರಿಂದ ಮುಗ್ಗರಿಸಿದವು. ದೊಡ್ಡ ಸಂಸ್ಥೆಗಳು ತಮ್ಮ ತಂತ್ರಾಂಶಗಳನ್ನು ಪರೀಕ್ಷಿಸಿಕೊಳ್ಳಲೆಂದು ಈ ಪ್ಯಾಕ್ ತಾನಾಗಿ ಇಳಿಯದಂತೆ 240 ದಿನ ತಡೆಹಿಡಿಯುವ ಅವಕಾಶವನ್ನು ಮೈಕ್ರೋಸಾಫ್ಟ್ ಕೊಡಬೇಕಾಯಿತು.

ಹಾಗೆಂದು ತಿದ್ದುಪಡಿಯನ್ನು ಮುಂದೂಡುತ್ತಲೇ ಹೋಗುವುದು ಅಪಾಯ. 2003ರ ಜುಲೈ 16ರಂದು ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಹೊರಬಂತು. ಆಗಸ್ಟ್ 11ರಂದು ಅದೇ ದೋಷದ ಮೂಲಕ ‘ಬ್ಲಾಸ್ಟರ್’ ಎಂಬ ಹುಳು ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ನುಗ್ಗಿತು. ಔಷಧ ಬಂದು 26 ದಿನಗಳಾಗಿದ್ದವು, ಕುಡಿದವರು ಕಡಿಮೆ. 2017ರಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ‘ವಾನಾಕ್ರೈ’ ದಾಳಿಯಲ್ಲಿಯೂ ನಡೆದದ್ದು ಇದೇ. ತೇಪೆ ಬಂದದ್ದು ಮಾರ್ಚ್ 14ರಂದು, ದಾಳಿ ನಡೆದದ್ದು ಮೇ 12ರಂದು.

ಈ ಉದಾಸೀನಕ್ಕೆ ಸೋಮಾರಿತನವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2ರ ಪೂರ್ಣ ಕಟ್ಟು ಸುಮಾರು 266 ಮೆಗಾಬೈಟ್ ಇತ್ತು. ದೂರವಾಣಿ ತಂತಿಯ ಮೇಲೆ 56 ಕಿಲೋಬಿಟ್ ವೇಗದಲ್ಲಿ ಅಂತರ್ಜಾಲಕ್ಕೆ ಹೋಗುತ್ತಿದ್ದ ಕಾಲ ಅದು. ಸಂಪರ್ಕ ಒಂದು ಕ್ಷಣವೂ ಕಡಿಯದೆ, ಪೂರ್ತಿ ವೇಗದಲ್ಲಿ ಇಳಿದರೂ ಹನ್ನೊಂದು ಗಂಟೆ ಬೇಕು. ಅಷ್ಟು ಹೊತ್ತು ಫೋನಿನ ಬಿಲ್ಲು ಏರುತ್ತಲೇ ಇರುತ್ತದೆ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಉಚಿತವಾಗಿ ಬರುತ್ತಿದ್ದ ಸಿ.ಡಿ.ಗಳನ್ನು ಅನೇಕರು ಜೋಪಾನವಾಗಿ ಎತ್ತಿಡುತ್ತಿದ್ದುದು ಇದೇ ಕಾರಣಕ್ಕೆ.

ಕನ್ನಡ ಬಂದ ದಾರಿ

ಇನ್ನು ಕನ್ನಡದ ಕಥೆ. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಡುವ ‘ಯೂನಿಕೋಡ್’ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೆ ಸಂಖ್ಯೆ ಸಿಕ್ಕಿದೊಡನೆ ಅಕ್ಷರ ಪರದೆಯ ಮೇಲೆ ಮೂಡುವುದಿಲ್ಲ. ‘ಕ್ಷ’ ಎಂಬುದು ಯೂನಿಕೋಡಿನಲ್ಲಿ ಮೂರು ಸಂಕೇತಗಳ ಸಾಲು: ಕ, ವಿರಾಮ, ಷ. ಈ ಮೂರನ್ನು ನೋಡಿ, ಇವು ಸೇರಿದರೆ ಹೀಗೆ ಕಾಣಬೇಕು ಎಂದು ತಿಳಿದು, ಒತ್ತಕ್ಷರವನ್ನು ಸರಿಯಾದ ಕಡೆ ಕೂರಿಸುವ ಜಾಣತನ ಕಾರ್ಯಾಚರಣ ವ್ಯವಸ್ಥೆಗೆ ಬರಬೇಕು. 2000ದಲ್ಲಿ ಬಂದ ವಿಂಡೋಸ್ 2000ಕ್ಕೆ ದೇವನಾಗರಿ ಮತ್ತು ತಮಿಳಿನ ಮಟ್ಟಿಗೆ ಈ ಜಾಣತನವಿತ್ತು. ಕನ್ನಡಕ್ಕೆ ಅದು ದೊರೆತದ್ದು ಮರುವರ್ಷದ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಅಕ್ಷರಶೈಲಿಯ ಜೊತೆಗೆ.

ಬಂತು ನಿಜ, ಆದರೆ ಬಾಗಿಲ ಹೊರಗೆ ನಿಂತಿತ್ತು. ಎಕ್ಸ್‌ಪಿ ಕೊಂಡವರಿಗೆ ಕನ್ನಡ ಕೂಡಲೇ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪ್ರಾದೇಶಿಕ ಭಾಷೆಗಳ ಕಿಟಕಿ ತೆರೆದು, ಸಂಕೀರ್ಣ ಲಿಪಿಗಳ ಕಡತಗಳು ಬೇಕೆಂದು ಗುರುತು ಹಾಕಿ, ವಿಂಡೋಸಿನ ಮೂಲ ಸಿ.ಡಿ.ಯನ್ನು ಮತ್ತೆ ಯಂತ್ರಕ್ಕೆ ಊಡಿಸಬೇಕಿತ್ತು. ಅಂಗಡಿಯವನು ಸಿ.ಡಿ. ಕೊಡದೆಯೇ ವಿಂಡೋಸ್ ಹಾಕಿಕೊಟ್ಟಿದ್ದರೆ ಕನ್ನಡದ ದಾರಿ ಅಲ್ಲಿಗೇ ಮುಚ್ಚಿದಂತೆ. ಕನ್ನಡದ ಜಾಲತಾಣ ತೆರೆದರೆ ಸಾಲುಸಾಲು ಚೌಕಗಳು ಕಾಣುತ್ತಿದ್ದ ಆ ದಿನಗಳನ್ನು ನೆನಪಿಟ್ಟವರು ಹಲವರಿದ್ದಾರೆ.

ಈ ವಿಳಂಬದ ನಡುವೆಯೂ ಕನ್ನಡ ಬರಹ ನಿಂತಿರಲಿಲ್ಲ ಎಂಬುದು ಗಮನಾರ್ಹ. ವಿಂಡೋಸ್ ಕನ್ನಡ ಕಲಿಯುವುದಕ್ಕೆ ಕಾಯದೆ ಕನ್ನಡಿಗರು ಬೇರೊಂದು ಉಪಾಯ ಮಾಡಿಕೊಂಡಿದ್ದರು. ಶ್ರೀಲಿಪಿ, ಪ್ರಕಾಶಕ್, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಲ್ಲವೂ ಈ ಉಪಾಯದ ಫಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಬೆರಳಚ್ಚು ಸುಲಭವಾಯಿತು. ಡಿ.ಟಿ.ಪಿ. ಅಂಗಡಿಗಳು, ಪತ್ರಿಕಾ ಕಚೇರಿಗಳು, ಸರ್ಕಾರಿ ಇಲಾಖೆಗಳು ಎಲ್ಲ ಕಡೆ ಕನ್ನಡ ಹರಿಯಿತು.

ಮೊಳೆಯ ಪೆಟ್ಟಿಗೆ

ಆ ಉಪಾಯ ಯಾವುದು? ಹಳೆಯ ಮುದ್ರಣಾಲಯಗಳ ಅಚ್ಚುಮೊಳೆಯ ಪೆಟ್ಟಿಗೆಯನ್ನು ನೆನಪಿಗೆ ತಂದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪೆಟ್ಟಿಗೆಯಲ್ಲಿ ನೂರಾರು ಗೂಡುಗಳು, ಒಂದೊಂದರಲ್ಲಿ ಒಂದೊಂದು ತುಂಡು: ಕಾಗುಣಿತದ ಕೊಂಬು, ಒತ್ತು, ಅರ್ಕಾವತ್ತು, ತಲೆಕಟ್ಟು. ಮೊಳೆ ಜೋಡಿಸುವವನ ಕೈಗೆ ಗೂಡುಗಳು ಬಾಯಿಪಾಠ. ಈಗ ಪ್ರತಿ ಗೂಡಿಗೂ ಒಂದು ಸಂಖ್ಯೆ ಬರೆದು, ಪುಟವನ್ನು ಉಳಿಸಿಡುವ ಬದಲು ಗೂಡುಗಳ ಸಂಖ್ಯೆಗಳನ್ನಷ್ಟೇ ಬರೆದಿಟ್ಟುಕೊಂಡರೆ ಏನಾಗುತ್ತದೆ? ಅದೇ ಪೆಟ್ಟಿಗೆ ಎದುರಿಗಿರುವವರೆಗೆ ಪುಟವನ್ನು ಮತ್ತೆ ಜೋಡಿಸಬಹುದು. ಬೇರೆ ಮುದ್ರಣಾಲಯಕ್ಕೆ ಹೋದರೆ ಅಲ್ಲಿನ ಗೂಡುಗಳ ಕ್ರಮವೇ ಬೇರೆ.

ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಆವೃತ್ತಿಗಳು ಉಳಿಸಿಡುತ್ತಿದ್ದುದು ಇಂಥ ಗೂಡು ಸಂಖ್ಯೆಗಳನ್ನೇ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳ ಚಿತ್ರಗಳನ್ನು ಕೂರಿಸಿದ್ದರು. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್. ಅಕ್ಷರಶೈಲಿ ಇದ್ದರೆ ಕನ್ನಡದಂತೆ ಕಾಣುತ್ತದೆ. ಅದಿಲ್ಲದ ಕಡೆ ತಲೆಯ ಮೇಲೆ ಚುಕ್ಕೆ–ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಬಳಕೆಯಲ್ಲಿ ಇದನ್ನೇ ‘ಆಸ್ಕಿ ಕನ್ನಡ’ ಎನ್ನುತ್ತಾರೆ.

ಈ ತೊಡಕನ್ನು ಕಡಿಮೆ ಅವಧಿಯಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ರೂಪಾಯಿಯ ಚಿಹ್ನೆ. 2010ರ ಜುಲೈ 15ರಂದು ಕೇಂದ್ರ ಸರ್ಕಾರ ಈ ಚಿಹ್ನೆಯನ್ನು ಅಂಗೀಕರಿಸಿತು. ಕೆಲವೇ ದಿನಗಳಲ್ಲಿ ಮಂಗಳೂರಿನ ಫೋರೇಡಿಯನ್ ಎಂಬ ಸಂಸ್ಥೆ ಉಚಿತ ಅಕ್ಷರಶೈಲಿಯೊಂದನ್ನು ಬಿಡುಗಡೆ ಮಾಡಿತು. ಟ್ಯಾಬ್ ಕೀಲಿಯ ಮೇಲಿನ, ಹೆಚ್ಚು ಬಳಕೆಯಿಲ್ಲದ ಒಂದು ಚಿಹ್ನೆಯ ಜಾಗದಲ್ಲಿ ಅವರು ರೂಪಾಯಿಯ ಚಿತ್ರವನ್ನಿಟ್ಟಿದ್ದರು. ಜನ ಸಂತೋಷದಿಂದ ಬಳಸಿದರು. ಆದರೆ ಅದೇ ಪತ್ರವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ರೂಪಾಯಿಯ ಬದಲು ಹಳೆಯ ಚಿಹ್ನೆಯೇ ಕಾಣುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್ ರೂಪಾಯಿಗೆ ತನ್ನದೇ ಸಂಖ್ಯೆ ಕೊಟ್ಟಿತು. ಮರುವರ್ಷ ವಿಸ್ಟಾ ಮತ್ತು ವಿಂಡೋಸ್ 7ಕ್ಕೆ ಒಂದು ಅಪ್‌ಡೇಟ್ ಮೂಲಕ ಚಿಹ್ನೆ ಬಂದು ತಲುಪಿತು. ಒಂದು ಅಕ್ಷರಕ್ಕೆ ಒಂದು ವರ್ಷದಲ್ಲಿ ಸಿಕ್ಕ ನ್ಯಾಯಕ್ಕಾಗಿ ಕನ್ನಡದ ಅಕ್ಷರಮಾಲೆ ಎಷ್ಟು ವರ್ಷ ಕಾದಿತ್ತೆಂದು ಯೋಚಿಸಿ ನೋಡಿ.

ಉಳಿದುಹೋದ ಬರಹ

ಸರಿ, ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬಂದ ಮೇಲೆ ಎಲ್ಲರೂ ಅತ್ತ ದಾಟಬಹುದಿತ್ತಲ್ಲವೇ? ದಾಟದಿರಲು ಬಲವಾದ ಕಾರಣವಿತ್ತು. ಪುಟ ವಿನ್ಯಾಸಕ್ಕೆ ಮುದ್ರಣಾಲಯಗಳು ನೆಚ್ಚಿಕೊಂಡಿದ್ದ ತಂತ್ರಾಂಶ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರಲ್ಲಿ. ನಡುವಿನ ಹನ್ನೊಂದು ವರ್ಷ ಕನ್ನಡ ಪುಸ್ತಕೋದ್ಯಮ ಆಸ್ಕಿಯಲ್ಲೇ ನಡೆಯಿತು. ಪೇಜ್‌ಮೇಕರ್‌ಗೆಂದೇ ಹಳೆಯ ಎಕ್ಸ್‌ಪಿ ಯಂತ್ರವನ್ನು ಮೂಲೆಯಲ್ಲಿ ಉಳಿಸಿಕೊಂಡವರೂ ಇದ್ದರು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿತ್ತು. ಹೊಸ ತೇಪೆಗಳ ರಕ್ಷಣೆ ಬೇಕೆಂದರೆ ಹಳೆಯ ಕನ್ನಡ ಕೈಬಿಡಬೇಕು, ಹಳೆಯ ಕನ್ನಡ ಬೇಕೆಂದರೆ ರಕ್ಷಣೆ ಕೈಬಿಡಬೇಕು ಎಂಬ ಸ್ಥಿತಿ ಅದು.

ಇದರಿಂದ ಆದ ನಷ್ಟವನ್ನು ಮೈಸೂರಿನಲ್ಲಿ ನಿಂತು ನೋಡಿದರೆ ಚೆನ್ನಾಗಿ ಅರಿವಾಗುತ್ತದೆ. ವಿಶ್ವವಿದ್ಯಾನಿಲಯ, ಸಂಶೋಧನಾ ಸಂಸ್ಥೆಗಳು, ಪ್ರಕಾಶಕರು ತುಂಬಿದ ಊರು ಇದು. 1990ರ ದಶಕದಿಂದೀಚೆಗೆ ಕನ್ನಡದಲ್ಲಿ ಬರೆದ ಪಿಎಚ್.ಡಿ. ಪ್ರಬಂಧಗಳು, ಅಭಿನಂದನ ಗ್ರಂಥಗಳು, ಸಂಘ–ಸಂಸ್ಥೆಗಳ ನಡಾವಳಿಗಳು, ನಾಟಕದ ಹಸ್ತಪ್ರತಿಗಳು ಮೊದಲು ಸೇರಿದ್ದು ಯಾವುದೋ ಡಿ.ಟಿ.ಪಿ. ಕಂಪ್ಯೂಟರಿನ ಆಸ್ಕಿ ಕಡತಗಳಿಗೆ. ಅಚ್ಚಾದ ಪ್ರತಿ ಉಳಿದಿದ್ದರೆ ಪುಣ್ಯ. ಅಚ್ಚಾಗದಿದ್ದದ್ದು ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ಗೂಡು ಸಂಖ್ಯೆಗಳಾಗಿ ಕುಳಿತಿದೆ. ಅದರೊಳಗೆ ‘ಕುವೆಂಪು’ ಎಂದು ಹುಡುಕಿದರೆ ಹುಡುಕುಯಂತ್ರಕ್ಕೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಪಠ್ಯ ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡವೆಂದು ತಿಳಿಯುವುದಿಲ್ಲ.

ಸರ್ವಿಸ್ ಪ್ಯಾಕು ಯಂತ್ರವನ್ನು ತಿದ್ದುತ್ತದೆ, ಬರಹವನ್ನು ದಾಟಿಸುವುದಿಲ್ಲ. ಆ ಕೆಲಸಕ್ಕೆ ಮನುಷ್ಯರೇ ಬೇಕು. ಕೆಲವರು ಮಾಡಿದ್ದಾರೆ ಕೂಡ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಬೋಧಿಸಿ, ಮುಂದೆ ಕುವೆಂಪು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯ ಮೂಲಕ ರಾಜ್ಯ ಸರ್ಕಾರ ಯೂನಿಕೋಡ್ ಅಕ್ಷರಶೈಲಿಗಳನ್ನೂ ಆಸ್ಕಿಯಿಂದ ಯೂನಿಕೋಡಿಗೆ ದಾಟಿಸುವ ಪರಿವರ್ತಕವನ್ನೂ ಸಿದ್ಧಪಡಿಸಿತು. 2012ರಲ್ಲಿ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಸಂಗ್ರಹಿಸಿದ ಭಾಷಾ ಪಠ್ಯಗಳು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಹಯೋಗದಲ್ಲಿ ಯೂನಿಕೋಡ್ ರೂಪ ತಾಳಿದವು. ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದರ ಲೇಖನಗಳು ಕನ್ನಡ ವಿಕಿಸೋರ್ಸಿಗೆ ಸೇರತೊಡಗಿದವು. ಯೂನಿಕೋಡ್ ಪಠ್ಯವಾದದ್ದರಿಂದಲೇ ಹಳ್ಳಿಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಒಂದು ಪದ ಒತ್ತಿ ಅಲ್ಲಿನ ಲೇಖನವನ್ನು ತಲುಪಬಲ್ಲ.

ಓಲೆಗರಿಯ ಪಾಠ

ಈ ಊರಿಗೆ ಇಂಥ ಕೆಲಸ ಹೊಸದೇನೂ ಅಲ್ಲ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ತಂದುಕೊಟ್ಟರು. ಬರಹ ಗ್ರಂಥ ಲಿಪಿಯಲ್ಲಿತ್ತು. 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಅಲ್ಲಿನ ವಿದ್ವಾಂಸ ಆರ್. ಶಾಮಶಾಸ್ತ್ರಿ. 1909ರಲ್ಲಿ ಅವರು ಅದನ್ನು ನಾಗರಿ ಲಿಪಿಯಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಓಲೆಗರಿಗೆ ಆಯುಸ್ಸು ಇಷ್ಟೇ ಎಂದಿದೆ. ತೇವ, ಹುಳು ಎರಡೂ ಅದರ ಶತ್ರುಗಳು. ಹಿಂದೆ ಯಾರೋ ಹಳೆಯ ಗರಿ ಮುರಿಯುವ ಮುನ್ನ ಹೊಸ ಗರಿಗೆ ಪ್ರತಿ ಮಾಡಿಟ್ಟದ್ದರಿಂದ ಗ್ರಂಥ ಉಳಿಯಿತು. ಶಾಮಶಾಸ್ತ್ರಿಗಳು ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟಿಸಿದ್ದರಿಂದ ಅದು ಜಗತ್ತಿಗೆ ಸಿಕ್ಕಿತು. ಗರಿ ಒಳ್ಳೆಯ ಸ್ಥಿತಿಯಲ್ಲಿದ್ದೂ ಲಿಪಿ ಓದುವವರಿಲ್ಲದಿದ್ದರೆ ಗ್ರಂಥ ಇದ್ದೂ ಇಲ್ಲದಂತೆ. ಆಸ್ಕಿ ಕಡತದ ಪಾಡು ಇದೇ.

ಓಲೆಗರಿಗೆ ನೂರಾರು ವರ್ಷಗಳ ಅವಕಾಶವಿತ್ತು, ಕಂಪ್ಯೂಟರ್ ಕಡತಕ್ಕೆ ಅಷ್ಟಿಲ್ಲ. 2015ರಲ್ಲಿ ಬಂದ ವಿಂಡೋಸ್ 10ರ ಹೊತ್ತಿಗೆ ಸರ್ವಿಸ್ ಪ್ಯಾಕ್ ಎಂಬ ಹೆಸರೇ ಮಾಯವಾಗಿತ್ತು. ಪ್ರತಿ ತಿಂಗಳೂ ಒಂದು ಕಟ್ಟು ತಾನಾಗಿ ಬರುವ ಪದ್ಧತಿ ಬಂತು. ಈ ಕಟ್ಟುಗಳು ಕೊಡುವಂತೆ ಕಸಿಯುವುದೂ ಉಂಟು. ಎಕ್ಸ್‌ಪಿಯ ಕಾಲದ ತುಂಗಾ ವಿಂಡೋಸ್ 10ರಲ್ಲಿ ಬೇಕೆಂದು ಕೇಳಿದವರಿಗೆ ಮಾತ್ರ ಸಿಗುವ ಹೆಚ್ಚುವರಿ ಅಕ್ಷರಶೈಲಿಗಳ ಸಾಲಿಗೆ ಸರಿಯಿತು. 2018ರ ಅಕ್ಟೋಬರಿನ ಅಪ್‌ಡೇಟ್ ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿದ್ದರಿಂದ ಮೈಕ್ರೋಸಾಫ್ಟ್ ಅದನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಇಲ್ಲದ ಹಳೆಯ ಯಂತ್ರಗಳು ಗುಜರಿಯ ಹಾದಿ ಹಿಡಿಯುವುದು ಸಹಜ. ಭಯ ಯಂತ್ರದ ಬಗ್ಗೆ ಅಲ್ಲ, ಅದರೊಳಗಿನ ಕನ್ನಡದ ಬಗ್ಗೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಪ್‌ಡೇಟ್ ಹಾಕುವ ಮುನ್ನ, ಯಂತ್ರ ಮಾರುವ ಮುನ್ನ, ಕಡತಗಳನ್ನು ಬೇರೊಂದು ಕಡೆ ಪ್ರತಿ ಮಾಡಿಡಿ. ಯಾವ ಕಡತ ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಶೈಲಿಯಲ್ಲಿ ಇತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪೆಟ್ಟಿಗೆ ಯಾವುದೆಂದು ತಿಳಿಯದೆ ಗೂಡು ಸಂಖ್ಯೆಗಳಿಂದ ಪ್ರಯೋಜನವಿಲ್ಲ. ನುಡಿ, ಬರಹ ಕಡತಗಳಿಗೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅವುಗಳ ಮೂಲಕ ಯೂನಿಕೋಡಿಗೆ ದಾಟಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಕಡೆ ಒಮ್ಮೆ ಕಣ್ಣಾಡಿಸಿ, ಏಕೆಂದರೆ ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ. ಮೂಲ ಕಡತವನ್ನೂ ಎಸೆಯಬೇಡಿ. ಗ್ರಂಥಾಲಯಗಳು, ವಿಶ್ವವಿದ್ಯಾನಿಲಯದ ವಿಭಾಗಗಳು, ಪ್ರಕಾಶಕರು ಒಂದೊಂದು ಬೇಸಿಗೆ ರಜೆಯನ್ನು ಇದಕ್ಕಾಗಿ ಎತ್ತಿಟ್ಟರೂ ದೊಡ್ಡ ರಾಶಿಯೇ ದಡ ಸೇರುತ್ತದೆ.

ವಿಂಡೋಸಿನ ತಪ್ಪುಗಳನ್ನು ತಿದ್ದಲು ಅಮೆರಿಕದಲ್ಲಿ ಸಾವಿರಾರು ಜನ ಸಂಬಳಕ್ಕಿದ್ದಾರೆ. ಮೂವತ್ತು ವರ್ಷಗಳ ಕನ್ನಡ ಕಡತಗಳನ್ನು ದಾಟಿಸಲು ಅಲ್ಲಿಂದ ಯಾರೂ ಬರುವುದಿಲ್ಲ. ಅದನ್ನು ಬರೆದವರು, ಬರೆಸಿದವರು, ಅವರ ಮಕ್ಕಳು, ಶಿಷ್ಯರು ಇರುವಾಗಲೇ ಈ ಕೆಲಸ ಆಗಬೇಕು.